ಅಜ್ಜನ ಮಾರಿಸ್ ಮೈನರ್ ಕೊಡುವ ಮುಂಚೆ ಚೆನ್ನಾಗಿ ಫೋಟೋ ತೆಗೆಯಬೇಕು, ಹೇಗೆ?

ಕಲ್ಯಾಣಪುರದ ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ಅಜ್ಜ ಹಳ್ಳಿ ಡಾಕ್ಟರ್ ಆಗಿದ್ದರು. ಕಲ್ಯಾಣಪುರದಿಂದ ಸುತ್ತಲಿನ ಊರಿಗೆಲ್ಲ ಮಾರಿಸ್ ಮೈನರ್ ಕಾರಿನಲ್ಲಿ ಹೋಗಿ ಬರುತ್ತಿದ್ದರು. ಕಪ್ಪು ಬಣ್ಣ, ಎರಡು ಬಾಗಿಲು. ಮುಂದಿನ ಗಾಜು ಒಂದೇ ಅಲ್ಲ, ನಡುವೆ ಕಡ್ಡಿ ಇಟ್ಟು ಕೂಡಿಸಿದ ಎರಡು ಗಾಜು. ಕಾರಿನ ನೋಂದಣಿ ಪುಸ್ತಕದಲ್ಲಿ 1955 ಅಂತ ಉಂಟು. ಅಜ್ಜ ತೀರಿಕೊಂಡ ಮೇಲೆ ಕಾರು ಮನೆ ಪಕ್ಕದ ಹಂಚಿನ ಶೆಡ್ಡಿನಲ್ಲೇ ನಿಂತಿದೆ. ಸ್ಟಾರ್ಟ್ ಆಗುವುದಿಲ್ಲ, ಆದರೆ ದೂಡಿದರೆ ಚಕ್ರ ತಿರುಗುತ್ತದೆ.

ಈಗ ದೊಡ್ಡಪ್ಪ ಅದನ್ನು ಹಳೆ ಕಾರು ಸರಿ ಮಾಡುವ ಒಬ್ಬರಿಗೆ ಕೊಡುತ್ತಿದ್ದಾರೆ. ಅವರು ಪೂರ್ತಿ ಬಿಚ್ಚಿ ಹೊಸ ಬಣ್ಣ ಹೊಡೆಸುತ್ತಾರಂತೆ. ಕೊಡುವುದಕ್ಕೆ ಇನ್ನು ಹತ್ತು ದಿನ ಇದೆ. ಅಷ್ಟರೊಳಗೆ ನನಗೆ ಒಳ್ಳೆಯ ಚಿತ್ರಗಳು ಬೇಕು. ನನ್ನ ಹತ್ತಿರ ಒಂದು ಸಾಧಾರಣ ಡಿಎಸ್ಎಲ್ಆರ್, ಅದರ ಜೊತೆ ಬಂದ 18-55 ಲೆನ್ಸ್, ಮತ್ತೆ ತಮ್ಮನ 55-250 ಇದೆ. ನಿನ್ನೆ ಒಮ್ಮೆ ಪ್ರಯತ್ನ ಮಾಡಿದೆ. ಎಲ್ಲ ಚಿತ್ರದಲ್ಲೂ ಕಾರಿನ ಮೂಗು ದಪ್ಪ ಆಗಿ ಕಾಣುತ್ತದೆ, ಬಾಗಿಲಿನಲ್ಲಿ ನಾನೇ ಕಾಣುತ್ತೇನೆ, ಬಾನೆಟ್ ಮೇಲೆ ತೆಂಗಿನಮರ. ಕಾರು ಮಾತ್ರ ಸರಿಯಾಗಿ ಕಾಣುವುದಿಲ್ಲ. ಏನು ಮಾಡಲಿ?

ಕದ್ರಿ ಲೆನ್ಸ್

ಮೂಗು ದಪ್ಪ ಆಗುವುದು ಹತ್ತಿರ ನಿಂತು 18ರಲ್ಲಿ, ಅಂದರೆ ಲೆನ್ಸನ್ನು ತೀರಾ ಅಗಲಕ್ಕೆ ಇಟ್ಟು ತೆಗೆದದ್ದಕ್ಕೆ. ಹತ್ತಿರ ಇರುವುದು ದೊಡ್ಡದಾಗಿ, ದೂರ ಇರುವುದು ಸಣ್ಣದಾಗಿ ಕಾಣುತ್ತದೆ. ಮಾರಿಸ್ ಮೈನರ್ ಮೊದಲೇ ಉಬ್ಬು ಮೂಗಿನ ಕಾರು, ಇನ್ನೂ ಉಬ್ಬಿಸಿದರೆ ಆಟಿಕೆ ಥರ ಆಗುತ್ತದೆ. ತಮ್ಮನ ಲೆನ್ಸ್ ತಗೊಳ್ಳಿ, 55 ಇಂದ 85ರ ನಡುವೆ ಇಡಿ. ಹತ್ತು ಹನ್ನೆರಡು ಹೆಜ್ಜೆ ಹಿಂದೆ ಬನ್ನಿ. ಆಮೇಲೆ ಕುಳಿತುಕೊಳ್ಳಿ. ನಿಂತು ನೋಡಿದರೆ ಹಳೆ ಕಾರಿನ ಮಾಡು ಜಾಸ್ತಿ ಕಾಣುತ್ತದೆ, ಮೈಕಟ್ಟು ಕಾಣುವುದಿಲ್ಲ. ಕ್ಯಾಮೆರಾ ಹೆಡ್‌ಲೈಟಿನ ಎತ್ತರಕ್ಕೆ ಬರಬೇಕು.

ಬಾಗಿಲಿನಲ್ಲಿ ನೀವು ಕಾಣುವುದೇ ಇದರಲ್ಲಿ ಮುಖ್ಯ ವಿಷಯ. ಕಪ್ಪು ಕಾರಿಗೆ ತನ್ನದೇ ಬಣ್ಣ ಅಂತ ಜಾಸ್ತಿ ಇಲ್ಲ, ಎದುರಿಗೆ ಇರುವುದೇ ಅದರ ಮೈಮೇಲೆ ಕಾಣುತ್ತದೆ. ಹಾಗಾಗಿ ಕಾರನ್ನು ನೋಡುವುದಕ್ಕಿಂತ ಮೊದಲು ಅದರ ಎದುರು ಏನಿದೆ ಅಂತ ನೋಡಿ. ಬೈಕು, ಬಟ್ಟೆ ಒಣಗಿಸುವ ಹಗ್ಗ, ಬಕೆಟ್ಟು, ಎಲ್ಲ ತೆಗೆಯಿರಿ. ನೀವು ಕಪ್ಪು ಅಂಗಿ ಹಾಕಿ.

ಹೊತ್ತು ಯಾವುದು ಅಂದರೆ, ಸೂರ್ಯ ಮುಳುಗಿದ ಮೇಲಿನ ಹದಿನೈದು ಇಪ್ಪತ್ತು ನಿಮಿಷ. ಈಗ ಡಿಸೆಂಬರ್, ಆರು ಗಂಟೆ ಹೊತ್ತಿಗೆ ಮುಳುಗುತ್ತಾನೆ. ಆಗ ಪಡುವಣ ಆಕಾಶ ಇಡೀ ಒಂದೇ ಸಮ ಬೆಳಗುತ್ತದೆ. ಅಷ್ಟು ದೊಡ್ಡ ದೀಪ ಯಾವ ಸ್ಟುಡಿಯೋದಲ್ಲೂ ಇಲ್ಲ. ಕಾರಿನ ಒಂದು ಪಕ್ಕ ಪಡುವಣಕ್ಕೆ ತಿರುಗಿರಲಿ. ಬಾನೆಟ್ಟಿನಿಂದ ಹಿಂದಿನ ಮಡ್‌ಗಾರ್ಡ್ ತನಕ ಒಂದು ಬೆಳಕಿನ ಗೆರೆ ಓಡುತ್ತದೆ. ಆ ಗೆರೆ ಎಲ್ಲೂ ತುಂಡಾಗದಿದ್ದರೆ ಚಿತ್ರ ಅರ್ಧ ಗೆದ್ದ ಹಾಗೆ. ಟ್ರೈಪಾಡ್ ಇಡಿ, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಎಫ್ (ಲೆನ್ಸಿನ ತೂತಿನ ಅಳತೆ) 8. ಶಟರ್ ಒಂದೆರಡು ಸೆಕೆಂಡು ಆದರೂ ಚಿಂತೆ ಇಲ್ಲ, ಕಾರು ಎಲ್ಲಿಗೂ ಹೋಗುವುದಿಲ್ಲ. ಕಪ್ಪು ಜಾಸ್ತಿ ಇದ್ದರೆ ಕ್ಯಾಮೆರಾ ಮೋಸ ಹೋಗಿ ಚಿತ್ರವನ್ನು ಬೂದು ಮಾಡುತ್ತದೆ. ಎಕ್ಸ್‌ಪೋಷರ್ ಮುಕ್ಕಾಲು ಇಲ್ಲವೇ ಒಂದು ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ ಆಗುವಷ್ಟು). ಬಿಳಿ ಅಂಬಾಸಿಡರ್ ಆದರೆ ಇದರ ತದ್ವಿರುದ್ಧ, ಏರಿಸಬೇಕು.

ಮಲ್ಪೆ ಅಲೆ

ಮಲ್ಪೆ ಬೀಚಿಗೆ ತನ್ನಿ ಅಕ್ಕ ಅಂತ ಬರೆಯಬೇಕು ಅಂತಿದ್ದೆ, ಸಂಜೆ ಬೆಳಕು ಅಲ್ಲಿ ಅಷ್ಟು ಚಂದ. ಆದರೆ ನನಗೆ ಆದದ್ದು ಹೇಳುತ್ತೇನೆ. ನಮ್ಮ ಭಾವನ ಹತ್ತಿರ ಸ್ಟ್ಯಾಂಡರ್ಡ್ ಹೆರಾಲ್ಡ್ ಇತ್ತು, ಮದ್ರಾಸಿನಲ್ಲಿ ತಯಾರಾದದ್ದು. ಸಮುದ್ರ ಹಿಂದೆ ಬರಬೇಕು ಅಂತ ಹಸಿ ಮರಳಿನ ತನಕ ಇಳಿಸಿದೆವು. ಗಟ್ಟಿಯಾಗಿಯೇ ಕಾಣುತ್ತಿತ್ತು. ನಾಲ್ಕು ಚಿತ್ರ ತೆಗೆಯುವಷ್ಟರಲ್ಲಿ ಹಿಂದಿನ ಎರಡೂ ಚಕ್ರ ಅರ್ಧ ಹುಗಿದು ಹೋಯಿತು. ಆಕ್ಸಿಲರೇಟರ್ ಒತ್ತಿದಷ್ಟೂ ಇಳಿಯಿತು. ನೀರು ಏರುತ್ತಿತ್ತು. ಬಲೆ ಸರಿ ಮಾಡುತ್ತಿದ್ದವರು ಎಂಟು ಜನ ಓಡಿ ಬಂದು ಹಗ್ಗ ಕಟ್ಟಿ ಎಳೆದರು. ಅವರು ಇಲ್ಲದಿದ್ದರೆ ಕಾರು ಅವತ್ತೇ ಹೋಗಿತ್ತು.

ಮನೆಗೆ ಬಂದು ಅಡಿಭಾಗಕ್ಕೆ ನೀರು ಹೊಡೆದು ತೊಳೆದೆವು. ಆದರೂ ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಬಂಪರಿನ ಕ್ರೋಮ್ ಮೇಲೆ ಸಾಸಿವೆ ಕಾಳಿನಂತೆ ತುಕ್ಕಿನ ಚುಕ್ಕೆ ಎದ್ದಿತ್ತು. ಭಾವ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಆ ನಾಲ್ಕು ಚಿತ್ರ ನನ್ನ ಹತ್ತಿರ ಈಗಲೂ ಇವೆ, ನೋಡಲು ಮನಸ್ಸಾಗುವುದಿಲ್ಲ. ಸಮುದ್ರ ಬೇಕೇ ಬೇಕು ಅಂದರೆ ಡಾಂಬರು ರಸ್ತೆಯ ಮೇಲೆಯೇ ನಿಲ್ಲಿಸಿ. ಮರಳಿಗೆ ಇಳಿಸಬೇಡಿ.

ಬೋಳಾರ ಗ್ಯಾರೇಜ್

ಮಗಳೇ, ಮೊದಲು ಒಂದು ಪ್ರಶ್ನೆ. ಮುಂದಿನ ಗ್ರಿಲ್ಲಿನಲ್ಲಿ ಅಡ್ಡ ಪಟ್ಟಿಗಳು ಇವೆಯಾ? ಸ್ಪೀಡೋಮೀಟರ್ ಡ್ಯಾಶಿನ ನಡುವೆ ದುಂಡಗೆ ಒಂದೇ ಇದೆಯಾ? ಇದ್ದರೆ ನಿಮ್ಮ 1955 ಸರಿ. 1954ರ ಕೊನೆಯಲ್ಲಿ ಆ ಬದಲಾವಣೆ ಬಂತು. ಎರಡು ತುಂಡಿನ ಗಾಜು 1956ರಲ್ಲಿ ನಿಂತಿತು, ಆಮೇಲೆ ಬಂದದ್ದು ಒಂದೇ ಗಾಜಿನ ಮೈನರ್ 1000. ಅಂದರೆ ನಿಮ್ಮದು ಸೀರೀಸ್ 2, ಎಂಜಿನ್ 803 ಸಿಸಿ. ಈ ಥರದ್ದು ಬಂದದ್ದು ಸ್ವಲ್ಪ ವರ್ಷ ಮಾತ್ರ. ಅದಕ್ಕೇ ಸುಮ್ನೆ ಚಂದದ ಚಿತ್ರ ಮಾತ್ರ ತೆಗೆದು ಬಿಡಬೇಡಿ.

ಬಾನೆಟ್ಟಿನ ನಡುವೆ ಉದ್ದಕ್ಕೆ ಒಂದು ಎತ್ತರದ ಪಟ್ಟಿ ಕಾಣುತ್ತದೆ ನೋಡಿ. ಅದು ಅಲಂಕಾರಕ್ಕೆ ಹುಟ್ಟಿದ್ದಲ್ಲ. ಈ ಕಾರನ್ನು ರೂಪಿಸಿದವರು ಅಲೆಕ್ ಇಸಿಗೋನಿಸ್, ಮುಂದೆ 1959ರಲ್ಲಿ ಮಿನಿ ಮಾಡಿದವರೂ ಅವರೇ. 1948ರಲ್ಲಿ ಲಂಡನ್ನಿನ ಪ್ರದರ್ಶನಕ್ಕೆ ಕಾರು ಬರುವ ಮುಂಚೆ, ಎಲ್ಲ ತಯಾರಾದ ಮೇಲೆ, ಅವರಿಗೆ ಕಾರು ತೀರಾ ಸಪೂರ ಅನಿಸಿತು. ಮಾದರಿಯನ್ನು ಉದ್ದಕ್ಕೆ ಎರಡು ಸೀಳು ಮಾಡಿಸಿ, ದೂರ ಸರಿಸುತ್ತಾ ಹೋಗಿ, 4 ಇಂಚು ಆದಾಗ ಸರಿ ಅಂದರು. ಆ 4 ಇಂಚೇ ಬಾನೆಟ್ಟಿನ ಪಟ್ಟಿ. ಅದನ್ನು ಮುಂದಿನಿಂದ, ಸ್ವಲ್ಪ ಮೇಲಿನಿಂದ, ಅಡ್ಡ ಬೆಳಕಿನಲ್ಲಿ ತೆಗೆಯಿರಿ. ಪಟ್ಟಿಯ ಎರಡು ಅಂಚಿನಲ್ಲಿ ನೆರಳು ಬೀಳಬೇಕು.

ಬಾನೆಟ್ ಎತ್ತಿದರೆ ಹಿಂದಿನ ತಗಡಿನ ಗೋಡೆಯಲ್ಲಿ ನಂಬರ್ ಪಟ್ಟಿ ಇರುತ್ತದೆ. ಎಂಜಿನ್ನಿನ ಮೈಮೇಲೆ ಇನ್ನೊಂದು ಪಟ್ಟಿ. ನೇರ ಫ್ಲಾಶ್ ಹೊಡೆದರೆ ಬರೀ ಬಿಳಿ ಆಗುತ್ತದೆ, ಅಕ್ಷರ ಬರುವುದಿಲ್ಲ. ಟಾರ್ಚನ್ನು ಪಕ್ಕದಿಂದ, ಪಟ್ಟಿಗೆ ತಾಗಿದ ಹಾಗೆ ಹಿಡಿಯಿರಿ, ಒಂದೊಂದು ಅಕ್ಷರವೂ ಎದ್ದು ಕಾಣುತ್ತದೆ. ಬಟ್ಟೆ ಸುತ್ತಿದ ವಯರುಗಳು ಎಲ್ಲೆಲ್ಲಿ ಹೋಗುತ್ತವೆ, ಯಾವ ಬಣ್ಣ, ಎಲ್ಲಿ ಕ್ಲಿಪ್, ಎಲ್ಲ ತೆಗೆಯಿರಿ. ಬಿಚ್ಚಿದ ಮೇಲೆ ನಮಗೆ ಕೂಡಿಸಲು ಇಂಥ ಚಿತ್ರವೇ ಆಧಾರ. ಕೆಲಸ ಮಾಡುವವರು ನಿಮ್ಮನ್ನು ನೆನೆಯುತ್ತಾರೆ.

ಮತ್ತೆ, ಸ್ಟಾರ್ಟ್ ಮಾಡುವ ಹ್ಯಾಂಡಲ್ ಉಂಟಾ? ಮುಂದೆ, ಬಂಪರಿನ ಹತ್ತಿರ ಅದಕ್ಕೆ ತೂತು ಇರುತ್ತದೆ. ಹ್ಯಾಂಡಲ್ ಸಾಮಾನ್ಯವಾಗಿ ಡಿಕ್ಕಿಯಲ್ಲಿ ಇರುತ್ತದೆ.

ಕಲ್ಯಾಣಪುರದ ಮೊಮ್ಮಗಳು

ಅಡ್ಡ ಪಟ್ಟಿಯೇ ಇದೆ! ಮೀಟರ್ ನಡುವೆ, ಅದರಲ್ಲಿ ಮೈಲಿ ಲೆಕ್ಕ. ಬಾನೆಟ್ಟಿನ ಕಥೆ ಕೇಳಿ ಈಗಷ್ಟೇ ಟೇಪು ಹಿಡಿದು ಬಂದೆ, ಸರಿಯಾಗಿ 4 ಇಂಚು. ಇಷ್ಟು ವರ್ಷ ಅದರ ಮೇಲೆ ಕೂತು ಆಡಿದ್ದೇನೆ, ಯಾಕೆ ಅಂತ ಕೇಳಿರಲಿಲ್ಲ. ಹ್ಯಾಂಡಲ್ ಡಿಕ್ಕಿಯಲ್ಲಿ ಇಲ್ಲ ಮಾಮ. ದೊಡ್ಡಪ್ಪನಿಗೂ ಗೊತ್ತಿಲ್ಲ.

ಇನ್ನೊಂದು ವಿಷಯ. ಬಣ್ಣ ಮಂಕಾಗಿದೆ. ಡ್ರೈವರ್ ಬಾಗಿಲಿನ ಮೇಲಿನ ಅಂಚಿನಲ್ಲಿ ಒಂದು ಗೇಣು ಬಣ್ಣವೇ ಇಲ್ಲ, ಕೆಳಗಿನ ಕೆಂಪು ಪ್ರೈಮರ್ ಕಾಣುತ್ತದೆ. ಪಾಲಿಶ್ ಹಾಕಿ ತೆಗೆಯಲಾ?

ಮಣಿಪಾಲ ಮಳೆಗಾಲ

ನಮ್ಮ ಮನೆಯಲ್ಲಿ ಹಳೆ ಸ್ಕೂಟರಿಗೆ ತೆಂಗಿನೆಣ್ಣೆ ಹಾಕಿ ಒರೆಸುತ್ತಾರೆ, ಹೊಸದರಂತೆ ಮಿರಿಮಿರಿ ಹೊಳೆಯುತ್ತದೆ. ಫೋಟೋಕ್ಕೆ ಅಷ್ಟು ಸಾಕಲ್ವಾ?

ಬೋಳಾರ ಗ್ಯಾರೇಜ್

ಬೇಡ, ಬೇಡ. ಎಣ್ಣೆ ಹಾಕಿದ ಕೂಡಲೇ ಧೂಳೆಲ್ಲ ಅಂಟುತ್ತದೆ. ರಬ್ಬರ್ ಬೀಡಿಂಗ್ ಊದಿ ಮೆತ್ತಗಾಗುತ್ತದೆ. ಎಣ್ಣೆ ಎಲ್ಲಾದರೂ ಸಂದಿಯಲ್ಲಿ ಉಳಿದರೆ ನಾಳೆ ಹೊಸ ಬಣ್ಣ ಅಲ್ಲಿ ಹಿಡಿಯುವುದಿಲ್ಲ, ಮೀನಿನ ಕಣ್ಣಿನ ಹಾಗೆ ಗುಳಿ ಬೀಳುತ್ತದೆ. ಪಾಲಿಶ್ ಕೂಡ ಬೇಡ. ಅಂಚುಗಳಲ್ಲಿ ಬಣ್ಣ ತೆಳು ಇರುತ್ತದೆ, ಉಜ್ಜಿದರೆ ಇರುವುದೂ ಹೋಗುತ್ತದೆ. ಒಣ ಬಟ್ಟೆಯಲ್ಲಿ ಒರೆಸಬೇಡಿ, ಧೂಳಿನಲ್ಲಿರುವ ಮರಳು ಗೀರು ಹಾಕುತ್ತದೆ. ಚೊಂಬಿನಲ್ಲಿ ನೀರು ಹೊಯ್ದು, ಹಳೆ ಮೆತ್ತನೆ ಬೈರಾಸಿನಲ್ಲಿ ನೀರು ಹೀರಿಸಿ. ಪೈಪಿನಲ್ಲಿ ಜೋರಾಗಿ ಹೊಡೆಯಬೇಡಿ, ಹಳೆ ರಬ್ಬರ್ ದಾಟಿ ಒಳಗೆ ಹೋಗುತ್ತದೆ.

ಬಾಗಿಲಿನ ಅಂಚು ಸವೆದದ್ದು ಹೇಳಿದಿರಲ್ಲ, ಅದು ಬಲಗಡೆ ಬಾಗಿಲು ಅಲ್ವಾ? ಗಾಜು ಇಳಿಸಿ ಮೊಣಕೈ ಇಡುವ ಜಾಗ ಅದು. ಓಡಿಸಿದವರ ಕೈ ತಾಗಿ ತಾಗಿ ಆದದ್ದು. ಅದನ್ನು ಮುಚ್ಚಬೇಡಿ ಮಗಳೇ. ನಾನು ನಲವತ್ತು ವರ್ಷದಿಂದ ಹಳೆ ಗಾಡಿಗಳ ಕೆಲಸ ಮಾಡುತ್ತಿದ್ದೇನೆ. ಹೊಸ ಬಣ್ಣ ನಾವು ಎಷ್ಟು ಸಲ ಬೇಕಾದರೂ ಹೊಡೆದು ಕೊಡಬಹುದು. ಆ ಸವಕಲು ಒಮ್ಮೆ ಹೋದರೆ ಯಾರಿಂದಲೂ ಮಾಡಲು ಬರುವುದಿಲ್ಲ.

ಕಾರ್ಕಳ 1100

ಗ್ಯಾರೇಜಿನವರು ಹೇಳಿದ್ದು ನೂರಕ್ಕೆ ನೂರು ಸರಿ. ನನ್ನದು ಹಳೆ ಫಿಯಟ್ 1100. ಕೆಲವು ವರ್ಷದ ಹಿಂದೆ ಬಣ್ಣ ಮಾಡಿಸಲು ಕೊಟ್ಟೆ, ಮುಂಚೆ ಚಿತ್ರ ತೆಗೆದಿರಲಿಲ್ಲ. ವಾಪಸ್ಸು ಬಂದಾಗ ಬಾಗಿಲಿನ ಮೇಲೆ ನಮ್ಮ ತಂದೆಯವರು ಬರೆಸಿದ್ದ ಹೆಸರಿನ ಅಕ್ಷರ ಇರಲಿಲ್ಲ. ಮತ್ತೆ ಬರೆಸೋಣ ಅಂದರೆ ಎಷ್ಟು ದೊಡ್ಡದಿತ್ತು, ಎಲ್ಲಿ ಬಾಗಿತ್ತು ಅಂತ ನನಗೇ ನೆನಪಿಲ್ಲ. ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ತಪ್ಪು ನನ್ನದೇ, ಕೆಲಸ ಮಾಡಿದವರದ್ದಲ್ಲ.

ಇದೇ ಚಿತ್ರಗಳು ಕಾಗದಪತ್ರದ ಕೆಲಸಕ್ಕೂ ಆಗಬಹುದು. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ನಂಬರಿನಲ್ಲಿ ವಿಎ ಅಂತ ಬರುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ. ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು. ಹಾಗೆ ನೋಂದಾಯಿಸಿದ ಮೇಲೆ ದಿನಾ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲು, ಇಂಥದ್ದಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ಹಳೆ ಕಾರಿನವರ ಮಾತಿನಲ್ಲಿ ವಿಂಟೇಜ್ ಅಂದರೆ 1919ರಿಂದ 1930ರ ತನಕದ್ದು ಮಾತ್ರ, ನಮ್ಮದೆಲ್ಲ ಕ್ಲಾಸಿಕ್. ಎರಡು ಲೆಕ್ಕ ಬೇರೆ ಬೇರೆ, ಗೊಂದಲ ಮಾಡಿಕೊಳ್ಳಬೇಡಿ. ಈ ಚಿತ್ರಗಳ ಒಂದು ಪ್ರತಿ ಕಾರು ತಗೊಳ್ಳುವವರಿಗೂ ಕೊಡಿ.

ನಿಮ್ಮ ಕಾರು ಓಡುತ್ತಿದ್ದರೆ ಪ್ಯಾನಿಂಗ್, ಅಂದರೆ ಕಾರಿನ ಜೊತೆ ಕ್ಯಾಮೆರಾ ತಿರುಗಿಸುತ್ತಾ ತೆಗೆಯುವುದರ ಬಗ್ಗೆ ಹೇಳುತ್ತಿದ್ದೆ. ಓಡುವ ಕಾರನ್ನು 1/1000 ಸೆಕೆಂಡಿನ ಶಟರಿನಲ್ಲಿ ತೆಗೆದರೆ ಚಕ್ರ ನಿಂತ ಹಾಗೆ ಕಾಣುತ್ತದೆ, ಪಾರ್ಕ್ ಮಾಡಿದ ಕಾರಿಗೂ ಅದಕ್ಕೂ ವ್ಯತ್ಯಾಸ ಇರುವುದಿಲ್ಲ. ಮೂವತ್ತು ಕಿಲೋಮೀಟರ್ ವೇಗಕ್ಕೆ 1/40 ಇಟ್ಟು, ಕಾರಿನ ಜೊತೆಗೇ ಸೊಂಟ ತಿರುಗಿಸಬೇಕು. ನಿಂತ ಕಾರಿಗೆ ಇಷ್ಟು ಸಾಕು: ಮುಂದಿನ ಚಕ್ರ ಸ್ವಲ್ಪ ತಿರುಗಿಸಿ, ಟಯರಿನ ಪಟ್ಟೆ ಅಲ್ಲ, ಡಿಸ್ಕಿನ ಮುಖ ನಿಮ್ಮ ಕಡೆ ಬರಲಿ.

ಮಣಿಪಾಲ ಮಳೆಗಾಲ

ಎಣ್ಣೆ ವಿಷಯ ಗೊತ್ತಿರಲಿಲ್ಲ, ಒಳ್ಳೆಯದಾಯಿತು ಕೇಳಿದ್ದು. ಒಂದು ಅನುಭವ ಹೇಳುತ್ತೇನೆ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದವರ ಹಳೆ ಕಾರುಗಳನ್ನು ನೋಡಲು ಹೋಗಿದ್ದೆ. ಪೂರ್ತಿ ಕಾರು ತೆಗೆಯಲೇಬೇಕು ಅಂತ ಹಠ ಹಿಡಿದರೆ ಪಕ್ಕದ ಕಾರು, ಜನ, ಎಲ್ಲ ಬರುತ್ತದೆ. ಒಂದು ಹೆಡ್‌ಲೈಟು, ಒಂದು ಹಾರ್ನು, ಮಡ್‌ಗಾರ್ಡಿನ ಒಂದು ಬಾಗು, ಇಷ್ಟೇ ನೋಡಿದರೆ ಎಷ್ಟು ಚೆನ್ನಾಗಿರುತ್ತದೆ! ನಿಮ್ಮ ಶೆಡ್ಡಿನಲ್ಲೂ ಜಾಗ ಕಮ್ಮಿ ಇದ್ದರೆ ಹಾಗೆ ಮಾಡಿ.

ಮತ್ತೆ, ಎಸಿ ರೂಮಿನಿಂದ ಕ್ಯಾಮೆರಾ ನೇರ ಹೊರಗೆ ತಂದರೆ ನಮ್ಮ ಊರಿನ ಸೆಕೆಗೆ ಲೆನ್ಸ್ ಮೇಲೆ ಮಂಜು ಕೂರುತ್ತದೆ. ಅರ್ಧ ಗಂಟೆ ಮೊದಲೇ ಬ್ಯಾಗಿನಲ್ಲಿಟ್ಟು ಹೊರಗೆ ಇಡಿ. ತಮ್ಮನ ಲೆನ್ಸ್ ಕಪಾಟಿನಲ್ಲೇ ಇತ್ತು ಅಂದರೆ ಟಾರ್ಚ್ ಬಿಟ್ಟು ನೋಡಿ. ಒಳಗೆ ಜೇಡರ ಬಲೆ ಥರ ಕಂಡರೆ ಫಂಗಸ್. ನನ್ನ ಒಂದು ಲೆನ್ಸ್ ಎರಡೇ ಮಳೆಗಾಲದಲ್ಲಿ ಹಾಗೆ ಹೋಯಿತು.

ಕಲ್ಯಾಣಪುರದ ಮೊಮ್ಮಗಳು

ಲೆನ್ಸ್ ಚೆನ್ನಾಗಿದೆ, ನೋಡಿದೆ. ಒಂದು ಪೋಲರೈಸರ್ ಫಿಲ್ಟರ್ ತಗೊಳ್ಳಲಾ? ಅದು ಹಾಕಿದರೆ ಪ್ರತಿಫಲನ ಎಲ್ಲ ಹೋಗುತ್ತದೆ ಅಂತ ಒಬ್ಬರು ಹೇಳಿದರು.

ಕದ್ರಿ ಲೆನ್ಸ್

ಎಲ್ಲ ಹೋಗುವುದಿಲ್ಲ. ಗಾಜಿನ ಮೇಲಿನದ್ದು, ಬಣ್ಣದ ಮೇಲಿನದ್ದು ತುಂಬಾ ಕಮ್ಮಿ ಆಗುತ್ತದೆ. ಕ್ರೋಮ್ ಬಂಪರಿನಲ್ಲಿ ಏನೂ ಆಗುವುದಿಲ್ಲ, ಲೋಹದ ಮೈಯಿಂದ ಬರುವ ಬೆಳಕಿಗೆ ಆ ಫಿಲ್ಟರ್ ಕೆಲಸ ಮಾಡುವುದಿಲ್ಲ. ಮತ್ತೆ ಪೂರ್ತಿ ತಿರುಗಿಸಿದರೆ ಕಪ್ಪು ಕಾರಿನ ಮೈಯ ಆ ಬೆಳಕಿನ ಗೆರೆಯೂ ಹೋಗಿ ಬರೀ ಕಪ್ಪು ಗುಡ್ಡೆ ಉಳಿಯುತ್ತದೆ. ಅರ್ಧ ತಿರುಗಿಸಿ, ಗಾಜಿನ ಹಿಂದೆ ಸ್ಟೀರಿಂಗ್ ಕಾಣುವಷ್ಟು. ಕೆಲವು ಗಾಜಿನಲ್ಲಿ ಆಗ ಚುಕ್ಕೆ ಚುಕ್ಕೆ ಕಾಣಬಹುದು, ಗಾಜು ಗಟ್ಟಿ ಮಾಡುವಾಗ ಆದದ್ದು, ಹೆದರಬೇಡಿ.

ಕ್ರೋಮಿಗೆ ಬಿಳಿ ಮುಂಡು ಸಾಕು. ಇಬ್ಬರು ಎರಡು ತುದಿ ಹಿಡಿದು ಬಂಪರಿನ ಎದುರು ನಿಲ್ಲಲಿ. ಮುಂಡಿನ ಬಿಳಿ ಬಂಪರಿನಲ್ಲಿ ಬೀಳುತ್ತದೆ, ಅಂಗಳದ ಗಲಾಟೆ ಮಾಯ. ಮುಂಡಿನ ಮೇಲಂಚಿನ ಕಪ್ಪು ಗೆರೆ ಬಂಪರಿನಲ್ಲಿ ಸಪೂರಾಗಿ ಓಡಿದರೆ ಇನ್ನೂ ಚಂದ, ಬಂಪರ್ ದುಂಡಗೆ ಕಾಣುತ್ತದೆ.

ಶೆಡ್ಡಿನಿಂದ ಹೊರಗೆ ತರುವ ಮುಂಚೆ ಒಳಗೂ ತೆಗೆಯಿರಿ. ಹಂಚಿನ ಮಾಡು ಅಂದಿರಲ್ಲ, ಗಾಜಿನ ಹಂಚು ಉಂಟಾ?

ಕಲ್ಯಾಣಪುರದ ಮೊಮ್ಮಗಳು

ಉಂಟು! ಒಂದೇ ಒಂದು. ಹತ್ತು ಗಂಟೆಗೆ ಅದರ ಬೆಳಕು ಹಿಂದಿನ ಸೀಟಿನ ಹತ್ತಿರ ಬೀಳುತ್ತದೆ. ಹನ್ನೊಂದೂವರೆಗೆ ಬಾನೆಟ್ಟಿಗೆ ಬರುತ್ತದೆ. ನಾಳೆ ನೋಡುತ್ತೇನೆ.

ಕಲ್ಯಾಣಪುರದ ಮೊಮ್ಮಗಳು

ನಾಲ್ಕು ದಿನ ಆಯಿತು, ಈಗ ಬರೆಯುತ್ತಿದ್ದೇನೆ. ಮುನ್ನೂರಕ್ಕೂ ಜಾಸ್ತಿ ಚಿತ್ರ ಆಗಿದೆ. ನೀವು ಒಬ್ಬೊಬ್ಬರು ಹೇಳಿದ್ದೂ ಕೆಲಸಕ್ಕೆ ಬಂತು.

ಗಾಜಿನ ಹಂಚಿನ ಬೆಳಕಿಗೆ ಎರಡು ದಿನ ಕಾದೆ. ಮೊದಲ ದಿನ ಮೋಡ. ಎರಡನೇ ದಿನ ಹನ್ನೊಂದೂವರೆಗೆ ಅಂಗೈ ಅಗಲದ ಬೆಳಕು ಸರಿಯಾಗಿ ಬಾನೆಟ್ಟಿನ ಪಟ್ಟಿಯ ಮೇಲೆ ಬಂದು ನಿಂತಿತು. ಧೂಳು ಒರೆಸಿರಲಿಲ್ಲ, ಬೇಕು ಅಂತಲೇ ಬಿಟ್ಟಿದ್ದೆ. ಧೂಳಿನಲ್ಲಿ ಬೆಕ್ಕಿನ ಹೆಜ್ಜೆ ಬಾನೆಟ್ ಹತ್ತಿ ಗಾಜಿನ ತನಕ ಹೋಗಿದೆ. ಬೆಳಕು ಅಲ್ಲಿ ಇದ್ದದ್ದು ಏಳೆಂಟು ನಿಮಿಷ ಅಷ್ಟೇ.

ಸಂಜೆ ದೊಡ್ಡಪ್ಪ, ತಮ್ಮ, ಪಕ್ಕದ ಮನೆಯವರು ಸೇರಿ ಕಾರನ್ನು ಅಂಗಳಕ್ಕೆ ದೂಡಿದರು. ಅಡಿಕೆ ಒಣಗಲು ಹಾಕಿದ್ದನ್ನು ಒಂದು ಬದಿಗೆ ಎಳೆದೆವು. ಮುಂಡು ಹಿಡಿದದ್ದು ದೊಡ್ಡಪ್ಪ ಮತ್ತು ತಮ್ಮ. ಆರೂ ಹತ್ತಕ್ಕೆ ಆ ಗೆರೆ ಬಂತು. ಕದ್ರಿಯವರು ಹೇಳಿದ ಹಾಗೆಯೇ, ಹೆಡ್‌ಲೈಟಿನ ಉಬ್ಬಿನಿಂದ ಶುರುವಾಗಿ ಹಿಂದಿನ ತನಕ, ಎಲ್ಲೂ ತುಂಡಾಗದೆ. ಮುರಕಲ್ಲಿನ ಗೋಡೆಯ ಕೆಂಪು ಬಾಗಿಲಿನ ಕೆಳಭಾಗದಲ್ಲಿ ಕಾಣುತ್ತಿತ್ತು. ಅದನ್ನು ನಾನು ತೆಗೆಸಲಿಲ್ಲ, ನಮ್ಮ ಮನೆಯ ಗೋಡೆ ಅಲ್ವಾ, ಇರಲಿ ಅಂತ.

ಆಮೇಲೆ ಅಜ್ಜಿ ಬಂದರು. ಕೂತುಕೊಳ್ಳಿ ಅಜ್ಜಿ, ಡ್ರೈವರ್ ಸೀಟಿನಲ್ಲಿ ಒಂದು ಚಿತ್ರ ತೆಗೆಯುತ್ತೇನೆ ಅಂದೆ. ಅದು ಅವರ ಜಾಗ ಅಂತ ಕೂರಲಿಲ್ಲ. ಸುತ್ತು ಹಾಕಿ ಬಂದು ಎಡಗಡೆ ಕೂತರು, ಬ್ಯಾಗು ಮಡಿಲಿನಲ್ಲಿಟ್ಟರು, ಬಾಗಿಲು ಎಳೆದುಕೊಂಡರು. ನಾನು ಹೊರಗಿನಿಂದ, ಬಲಗಡೆ ಕಿಟಕಿಯ ಎತ್ತರಕ್ಕೆ ಕುಳಿತು ತೆಗೆದೆ. ಎದುರಿಗೆ ಬಾಗಿಲಿನ ಆ ಸವೆದ ಅಂಚು, ಪ್ರೈಮರಿನ ಕೆಂಪು, ಅದರ ಸುತ್ತ ಬಣ್ಣ ನುಣ್ಣಗೆ ತೆಳುವಾಗುತ್ತಾ ಹೋದದ್ದು. ಫೋಕಸ್ ಅಲ್ಲಿಗೇ ಇಟ್ಟೆ. ಆಚೆ ಕಡೆ ಅಜ್ಜಿ ಸ್ವಲ್ಪ ಮಸುಕು, ಮುಂದಿನ ರಸ್ತೆ ನೋಡುವವರ ಹಾಗೆ ಕೂತಿದ್ದಾರೆ. ನನಗೆ ಬೇಕಾದದ್ದು ಇದೇ ಚಿತ್ರ. ಮುನ್ನೂರರಲ್ಲಿ ಇದೊಂದು ಉಳಿದರೂ ಸಾಕು.

ಬೋಳಾರ ಗ್ಯಾರೇಜ್

ತುಂಬಾ ಸಂತೋಷ ಮಗಳೇ. ಟ್ರಾಫಿಕೇಟರ್ ತೆಗೆದಿರಾ? ಕಾರು ಯಾವ ಕಡೆ ತಿರುಗುತ್ತದೆ ಅಂತ ತೋರಿಸಲು ಬಾಗಿಲಿನ ಹಿಂದೆ, ಕಂಬದಿಂದ ಹೊರಗೆ ಬರುವ ಹಳದಿ ಕೈ. ಕರೆಂಟು ಇಲ್ಲದಿದ್ದರೂ ಬೆರಳಿನಲ್ಲಿ ಮೆಲ್ಲಗೆ ಎತ್ತಿದರೆ ಬರುತ್ತದೆ. ಜೋರು ಮಾಡಬೇಡಿ, ಅದರ ಪ್ಲಾಸ್ಟಿಕ್ ಈಗ ಒಣಗಿರುತ್ತದೆ.

ಕಲ್ಯಾಣಪುರದ ಮೊಮ್ಮಗಳು

ಎರಡೂ ಕಡೆಯದ್ದು ತೆಗೆದೆ. ಎಡಗಡೆಯದ್ದು ಅರ್ಧಕ್ಕೇ ನಿಂತಿತು, ಹಾಗೇ ಬಿಟ್ಟೆ. ನಂಬರ್ ಪಟ್ಟಿಗಳನ್ನು ಟಾರ್ಚಿನಲ್ಲಿ ತೆಗೆದೆ, ಎಲ್ಲ ಅಕ್ಷರ ಓದಲು ಬರುತ್ತದೆ. ವಯರುಗಳದ್ದು ಐವತ್ತು ಚಿತ್ರ ಉಂಟು, ಕಾರಿನ ಜೊತೆ ಒಂದು ಪೆನ್‌ಡ್ರೈವಿನಲ್ಲಿ ಹಾಕಿ ಕೊಡುತ್ತೇನೆ.

ಹ್ಯಾಂಡಲ್ ಕೂಡ ಸಿಕ್ಕಿತು ಮಾಮ. ಅಜ್ಜಿಗೆ ಕೇಳಿದ್ದಕ್ಕೆ ಅಡುಗೆಮನೆಗೆ ಕರೆದುಕೊಂಡು ಹೋಗಿ ತೋರಿಸಿದರು. ಹಿಂಬಾಗಿಲಿಗೆ ರಾತ್ರಿ ಅಡ್ಡ ಹಾಕುವ ಕಬ್ಬಿಣ ಅದೇ. ನಾನು ಹುಟ್ಟಿದಾಗಿನಿಂದ ದಿನಾ ನೋಡಿದ್ದೇನೆ. ಕೈ ಹಿಡಿಯುವ ಕಡೆ ಕಪ್ಪಗೆ ನುಣುಪಾಗಿದೆ. ಬಾಗಿಲಿಗೆ ಅಡ್ಡ ಇರುವಾಗಲೇ ಒಂದು ಚಿತ್ರ ತೆಗೆದೆ, ಪಕ್ಕದ ಕಿಟಕಿಯ ಬೆಳಕಿನಲ್ಲಿ. ಕಾರಿನ ಜೊತೆ ಕೊಡಬೇಕು ಅಂದದ್ದಕ್ಕೆ ಅಜ್ಜಿ ಆಯಿತು ಅಂದರು. ಬೇರೆ ಅಗುಳಿ ಮಾಡಿಸಲು ನಾಳೆ ಆಚಾರಿಯವರು ಬರುತ್ತಾರೆ.